ಆರನ್ ಡೊನಾಲ್ಡ್‌ನ 111 ಸ್ಯಾಕ್‌ಗಳೂ, ಲೆಕ್ಕಕ್ಕೆ ಬಾರದ ಒಂದೂ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಆಟಗಾರನ ಮಾತು ಬಂದರೆ ಸಾಕು, ಮೊದಲ ಪ್ರಶ್ನೆ ಒಂದೇ: ಎಷ್ಟು ಸ್ಯಾಕ್? ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರೆ ಒಂದು ಸ್ಯಾಕ್, ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ರ‍್ಯಾಮ್ಸ್ ತಂಡದ ಆರನ್ ಡೊನಾಲ್ಡ್ 10 ಸೀಸನ್‌ಗಳಲ್ಲಿ ಪಡೆದದ್ದು 111. ತಕ್ಷಣ ಯಾರಾದರೂ ಬ್ರೂಸ್ ಸ್ಮಿತ್‌ನ 200 ತೆಗೆಯುತ್ತಾರೆ. ಸ್ಮಿತ್ ಆಡಿದ್ದು 19 ಸೀಸನ್, ಅದೂ ಡಿಫೆನ್ಸಿವ್ ಎಂಡ್ ಆಗಿ, ಅಂದರೆ ಸಾಲಿನ ತುದಿಯಲ್ಲಿ ನಿಂತು. ಈ ಹೋಲಿಕೆಯೇ ದಂಡ.

ಎಂಡ್‌ಗೆ ಒಂದು ಪಕ್ಕ ಬಯಲು ಇರುತ್ತದೆ, ಸುತ್ತು ಹಾಕಿ ಓಡಬಹುದು. ಡೊನಾಲ್ಡ್ ಹೆಚ್ಚಾಗಿ ನಿಲ್ಲುತ್ತಿದ್ದದ್ದು ಸಾಲಿನ ಒಳಗೆ, ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಗಾರ್ಡ್‌ನ ಹೊರ ಭುಜದ ಎದುರಿಗೆ. ಎಡಕ್ಕೂ ಬಲಕ್ಕೂ 140 ಕಿಲೋ ಆಸುಪಾಸಿನ ಆಳುಗಳು, ಜೊತೆಗೆ ಆ ಕಾವಲು ಸಾಲಿನ ನಡುವಿನವನಾದ ಸೆಂಟರ್ ಕೂಡ ಇವನ ಕಡೆಗೇ ವಾಲುತ್ತಿದ್ದ. ಆದರೆ ಅಲ್ಲಿಂದ ನುಗ್ಗಿದರೆ ದಾರಿ ಚಿಕ್ಕದು. ಅಂಚಿನಿಂದ ಬಂದವನನ್ನು ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದಿಟ್ಟು ತಪ್ಪಿಸಿಕೊಳ್ಳುತ್ತಾನೆ. ನಡುವಿನಿಂದ ಬಂದವನು ಆ ಮುಂದಿನ ಹೆಜ್ಜೆಯನ್ನೇ ಕಿತ್ತುಕೊಳ್ಳುತ್ತಾನೆ.

2014ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ, ಇವನಿಗೆ 13ನೇ ಸ್ಥಾನ. ಕಾರಣ ಎತ್ತರ: ಆರಡಿ ಒಂದಿಂಚಿಗೆ ಕೂದಲೆಳೆ ಕಡಿಮೆ, ತೂಕ 285 ಪೌಂಡ್. ಆ ಜಾಗಕ್ಕೆ ಸಣ್ಣವನು ಅಂದರು. ಅದೇ ಮೈ 40 ಗಜವನ್ನು 4.68 ಸೆಕೆಂಡಿನಲ್ಲಿ ಓಡಿತ್ತು, 225 ಪೌಂಡ್ ಭಾರವನ್ನು ಬೆಂಚ್ ಮೇಲೆ 35 ಸಲ ಎತ್ತಿತ್ತು. ಲೈನ್‌ನಲ್ಲಿ ಯಾರ ಭುಜ ಕೆಳಗಿದೆಯೋ ಅವನದೇ ಮೇಲುಗೈ. ಗಿಡ್ಡವನಿಗೆ ಅದು ಬಗ್ಗದೆಯೇ ಸಿಕ್ಕ ಲಾಭ.

ಉಳಿದದ್ದು ಕೈಚಳಕ. ಗಾರ್ಡ್ ಎದೆಗೆ ಕೈ ಚಾಚಿದ ಕ್ಷಣಕ್ಕೆ ಅವನ ಮಣಿಕಟ್ಟನ್ನು ಕೆಳಕ್ಕೆ ಹೊಡೆದು, ಇನ್ನೊಂದು ತೋಳನ್ನು ಅವನ ಕಂಕುಳಡಿಯಿಂದ ಮೇಲಕ್ಕೆ ಸೀಳಿ, ಸೊಂಟ ತಿರುಗಿಸಿ ದಾಟಬೇಕು. ಇದು ರಿಪ್. ತೋಳನ್ನು ಮೇಲಿಂದ ಬೀಸಿ ದಾಟಿದರೆ ಸ್ವಿಮ್. ನೋಡಲು ಚೆಂದ, ಆದರೆ ಪಕ್ಕೆ ತೆರೆದುಕೊಳ್ಳುತ್ತದೆ, ಎರಡನೆಯವನು ಅಲ್ಲಿಗೇ ಗುದ್ದಿ ಹಿಂದಕ್ಕೆ ಅಟ್ಟುತ್ತಾನೆ. ಕೈ ಹೊಡೆಯುವುದು ತುಸು ಬೇಗ ಆದರೆ ಗಾರ್ಡ್ ಕೈ ಹಿಂದೆಳೆದು ಮತ್ತೆ ಚಾಚುತ್ತಾನೆ, ತಡವಾದರೆ ಜೆರ್ಸಿ ಆಗಲೇ ಅವನ ಮುಷ್ಟಿಯಲ್ಲಿ. ಚೆಂಡು ಕದಲುವ ಮೊದಲೇ ಗೆರೆ ದಾಟಿದರೆ 5 ಗಜ ದಂಡ. ನುಗ್ಗುವವನಿಗೆ ಇನ್ನೊಂದು ಅಪಾಯ ಟ್ರ್ಯಾಪ್: ಎದುರಾಳಿಗಳು ಬೇಕೆಂದೇ ದಾರಿ ಬಿಟ್ಟು, ಪಕ್ಕದಿಂದ ಇನ್ನೊಬ್ಬ ಬಂದು ಗುದ್ದಿ, ಖಾಲಿಯಾದ ಜಾಗದಲ್ಲಿ ಚೆಂಡು ಓಡಿಸುತ್ತಾರೆ.

ಇಷ್ಟರ ನಡುವೆಯೂ 2018ರಲ್ಲಿ 20.5 ಸ್ಯಾಕ್! ವರ್ಷದ ಡಿಫೆನ್ಸ್ ಆಟಗಾರ ಪ್ರಶಸ್ತಿ ಮೂರು ಸಲ: 2017, 2018, 2020. ಅದರಲ್ಲಿ 2017ರದ್ದು, ಕರಾರಿನ ಜಗಳದಲ್ಲಿ ಮೊದಲ ಪಂದ್ಯ ಆಡದೆಯೂ ಬಂದದ್ದು. ಮರುವರ್ಷ 13.5 ಕೋಟಿ ಡಾಲರಿನ ಆರು ವರ್ಷದ ಕರಾರಿಗೆ ಸಹಿ ಬಿತ್ತು. ದುಬಾರಿಯಾಯಿತು ಅಂದವರಿದ್ದರು. ನನ್ನ ಪ್ರಕಾರ ಅಗ್ಗ.

2022ರ ಫೆಬ್ರವರಿ 13ರ ಸೂಪರ್ ಬೌಲ್, ಅಂದರೆ ಸೀಸನ್‌ನ ಫೈನಲ್, ನೋಡಿ. ರ‍್ಯಾಮ್ಸ್ 23, ಸಿನ್ಸಿನಾಟಿ ಬೆಂಗಾಲ್ಸ್ 20, ಕೊನೆಯ ನಿಮಿಷ. ಮೂರನೇ ಡೌನ್ (ದಾಳಿಯ ನಾಲ್ಕು ಯತ್ನಗಳಲ್ಲಿ ಮೂರನೆಯದು), ಬೆಂಗಾಲ್ಸ್‌ಗೆ ಬೇಕಿರುವುದು 1 ಗಜ: ಚೆಂಡು ಹಿಡಿದು ಓಡಿದ ಅವರ ಪೆರಿನ್‌ನನ್ನು ಡೊನಾಲ್ಡ್ ಅಲ್ಲೇ ತಡೆದ. ನಾಲ್ಕನೇ ಡೌನ್: ಗಾರ್ಡ್‌ನನ್ನು ದಾಟಿ ಕ್ವಾರ್ಟರ್‌ಬ್ಯಾಕ್ ಜೋ ಬರೋವನ್ನು ಹಿಡಿದು ತಿರುಗಿಸಿದ. ಬೀಳುತ್ತಲೇ ಬರೋ ಎಸೆದ ಚೆಂಡು ನೆಲಕ್ಕೆ ಬಿತ್ತು, ಆಟ ಮುಗಿದಂತೆಯೇ. ಕೈಯಿಂದ ಚೆಂಡು ಹೊರಟಿತ್ತಲ್ಲ, ಹಾಗಾಗಿ ಪುಸ್ತಕದಲ್ಲಿ ಅದು ಬರೀ ಗುರಿ ತಪ್ಪಿದ ಪಾಸ್. ಆ ಪಂದ್ಯದಲ್ಲಿ ಅವನ ಹೆಸರಿನಲ್ಲಿರುವ ಎರಡು ಸ್ಯಾಕ್ ಬೇರೆಯವು. (ಪ್ಲೇಆಫ್, ಅಂದರೆ ಸೂಪರ್ ಬೌಲ್ ಸೇರಿದ ನಾಕೌಟ್ ಪಂದ್ಯಗಳ ಸ್ಯಾಕ್‌ಗಳು ಆ 111ರಲ್ಲೂ ಸೇರುವುದಿಲ್ಲ, ಅದು ಇನ್ನೊಂದು ತಮಾಷೆ.)

2024ರ ಮಾರ್ಚ್‌ನಲ್ಲಿ, 32ನೇ ವಯಸ್ಸಿಗೆ ನಿವೃತ್ತಿ. ಆಡಿದ ಹತ್ತೂ ಸೀಸನ್‌ನಲ್ಲಿ ಪ್ರೊ ಬೌಲ್‌ಗೆ, ಅಂದರೆ ವರ್ಷದ ತಾರೆಯರ ತಂಡಕ್ಕೆ, ಆಯ್ಕೆ. ಹಳೆಯ ಪಂದ್ಯ ಹಾಕಿಕೊಂಡು ನೋಡುವವರು ಚೆಂಡು ಬಿಟ್ಟು ರ‍್ಯಾಮ್ಸ್‌ನ 99ನೇ ನಂಬರ್ ಮೇಲೆ ಕಣ್ಣಿಡಿ. ಅವನ ಮೇಲೆ ಇಬ್ಬರು ಬಿದ್ದಾಗ ಪಕ್ಕದ ರ‍್ಯಾಮ್ಸ್ ಆಟಗಾರನ ಎದುರು ಎಷ್ಟು ಜನ ಉಳಿಯುತ್ತಾರೆ ಎಣಿಸಿ. ಆ ಸ್ಯಾಕ್ ಬರೆಯುವುದು ಪಕ್ಕದವನ ಹೆಸರಿಗೆ.