ಬಾಗಿಲು ತೆಗೆದವನ ಬಾಲ್ಯ ಹೇಗಿತ್ತು?

ಹಳೇ ಸೂಪರ್‌ಹೀರೋ ಕಾಮಿಕ್ಸ್ ಹರವಿಕೊಂಡು ಮತ್ತೆ ಓದುವ ಅಭಿಮಾನಿಗಳಿಗೆ ಒಂದು ಕಾಯಿಲೆ ಅಂಟಿಕೊಂಡಿದೆ. ಅವರಿಗೆ ಹೀರೋ ಬೇಡ, ವಿಲನ್ನೂ ಬೇಡ. ಯಾವುದೋ ಪುಟದ ಮೂಲೆಯಲ್ಲಿ ಬಾಗಿಲು ತೆಗೆದು "ಒಳಗೆ ಬನ್ನಿ ಸರ್" ಅಂದು ಹೋದ ಒಬ್ಬ ಇದ್ದನಲ್ಲ, ಅವನು ಬೇಕು. ಅವನಿಗೆ ಅನ್ಯಾಯ ಆಗಿದೆಯಂತೆ. ಅವನ ಬಾಲ್ಯ ಹೇಗಿತ್ತು, ಬಾಗಿಲಿಗೂ ಅವನಿಗೂ ಏನು ಸಂಬಂಧ, ಅರವತ್ತು ವರ್ಷ ಅವನನ್ನು ಮರೆತಿರಲ್ಲ, ನಿಮಗೆ ಮನಸ್ಸಾದರೂ ಹೇಗೆ ಬಂತು! ಕಾಯಿಲೆ ನನಗೂ ಇದೆ. ಅದಕ್ಕೇ ಲಕ್ಷಣಗಳು ಚೆನ್ನಾಗಿ ಗೊತ್ತು.

ಈ ಕಾಯಿಲೆಯವರು ಮೊದಲು ಹಿಡಿದುಕೊಳ್ಳುವುದು ಜಿಮ್ಮಿ ಆಲ್ಸನ್‌ನನ್ನು. ಸೂಪರ್‌ಮ್ಯಾನ್‌ನ ಗೆಳೆಯ, ಡೈಲಿ ಪ್ಲಾನೆಟ್ ಪತ್ರಿಕೆಯ ಹುಡುಗ, ಬೋ ಟೈ, ಕೆಂಚುಗೂದಲು. ಅವನ ಹೆಸರು ಹೇಳಿದರೆ ಸಾಕು, "ಪಾಪ, ಮೂಲೆಗುಂಪಾದ ಪಾತ್ರ" ಅಂತ ಕಣ್ಣೊರೆಸಿಕೊಳ್ಳುವವರಿದ್ದಾರೆ. ಯಾವ ಮೂಲೆ ಸ್ವಾಮಿ? 1954ರಿಂದ 1974ರವರೆಗೆ ಅವನ ಹೆಸರಲ್ಲೇ ಒಂದು ಕಾಮಿಕ್ ಬಂತು, ಒಟ್ಟು 163 ಸಂಚಿಕೆ. ಎಷ್ಟೋ ಸೂಪರ್‌ಹೀರೋಗಳಿಗೆ ಅಷ್ಟು ಆಯುಸ್ಸು ಸಿಕ್ಕಿಲ್ಲ. ಆ ಇಪ್ಪತ್ತು ವರ್ಷದಲ್ಲಿ ಜಿಮ್ಮಿ ರಬ್ಬರಿನಂತೆ ಹಿಗ್ಗಿದ, ಮುಳ್ಳುಹಂದಿ ಆದ, ತೋಳ ಆದ, 1961ರಲ್ಲಿ ಕಟ್ಟಡದೆತ್ತರದ ಆಮೆಯೂ ಆದ. ಇದನ್ನೆಲ್ಲ ಮತ್ತೆ ಓದಿದವರು ಈಗ ಜಿಮ್ಮಿಯ ಒಳಗೆ ಆಳವಾದ ನೋವೊಂದು ಅಡಗಿದೆ ಅಂತ ಕಂಡುಹಿಡಿದಿದ್ದಾರೆ. ಇರದೇ ಇರುತ್ತಾ? ಆಮೆ ಮಾಡಿದ್ದಾರಲ್ಲ!

ಇದರಲ್ಲಿ ಇನ್ನೊಂದು ತಮಾಷೆ ಇದೆ. 1970ರಲ್ಲಿ ಹೆಸರಾಂತ ಕಾಮಿಕ್ಸ್ ಚಿತ್ರಕಾರ ಜಾಕ್ ಕಿರ್ಬಿ ಬಂದು ಈ ಜಿಮ್ಮಿ ಕಾಮಿಕ್ಕನ್ನು ಕೈಗೆ ತೆಗೆದುಕೊಂಡ. 134ನೇ ಸಂಚಿಕೆಯಲ್ಲಿ ಒಂದು ಪರದೆಯ ಮೇಲೆ ಡಾರ್ಕ್‌ಸೈಡ್ ಅನ್ನುವ ಖಳ ಸುಮ್ನೆ ಹೀಗೆ ಮುಖ ತೋರಿಸಿ ಹೋದ. ಅದೇ ಅವನ ಮೊದಲ ದರ್ಶನ. ಮುಂದೆ ಅವನು ದೊಡ್ಡ ಖಳನಾದ. ಇವತ್ತು ಆ ಸಂಚಿಕೆಗೆ ಬೇಡಿಕೆ ಇರುವುದು ಆ ಒಂದು ಮುಖಕ್ಕೆ. ಪುಸ್ತಕ ಜಿಮ್ಮಿಯದು, ಮುಖಪುಟದ ಹೆಸರು ಜಿಮ್ಮಿಯದು, ಬೆಲೆ ಮಾತ್ರ ಡಾರ್ಕ್‌ಸೈಡ್‌ನದು. ಜಿಮ್ಮಿಗೆ ನ್ಯಾಯ ಕೇಳುವವನೇ ಆ ಪ್ರತಿಯನ್ನು ಕೊಂಡು, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿಸಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಮಾಡಿಸಿ, ಗೋಡೆಗೆ ನೇತುಹಾಕಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, "ಈ ವಾರ ಇದನ್ನೇ ಮತ್ತೆ ಓದುತ್ತಿದ್ದೇನೆ" ಅನ್ನುತ್ತಾನೆ. ಹೇಗೆ ಓದುತ್ತಾನೋ ನಾನು ಕೇಳಲಿಲ್ಲ. ಡಬ್ಬಿ ಒಡೆದರೆ ಅಂಕ ಹೋಗುತ್ತದೆ.

ನನ್ನ ಸರದಿಗೆ ಬರುತ್ತೇನೆ. ನಾನು ನ್ಯಾಯ ಕೊಡಿಸಲು ಹೊರಟಿದ್ದು ಆಂಟ್ ಹ್ಯಾರಿಯಟ್‌ಗೆ. ಕಥೆ ಹೀಗಿದೆ. ಬ್ಯಾಟ್‌ಮ್ಯಾನ್ ಮನೆಯ ಬಟ್ಲರ್ ಆಲ್ಫ್ರೆಡ್ 1943ರಲ್ಲಿ ಬಂದಾಗ ದಪ್ಪಗಿದ್ದ. ಅದೇ ವರ್ಷದ ಧಾರಾವಾಹಿ ಚಿತ್ರದಲ್ಲಿ ತೆಳ್ಳಗಿನ ನಟ ಕಾಣಿಸಿಕೊಂಡ ಮೇಲೆ ಕಾಮಿಕ್ಸ್‌ನಲ್ಲೂ ಅವನು ಸಣ್ಣಗಾದ. ತೆರೆ ಮೇಲೆ ಇನ್ನೊಬ್ಬ ತೆಳ್ಳಗಿದ್ದಾನೆ ಅಂತ ಇವನ ಹೊಟ್ಟೆ ಕರಗಿತು, ನೋಡಿ! 1964ರಲ್ಲಿ ಉರುಳಿ ಬಂದ ಬಂಡೆಯಿಂದ ಬ್ಯಾಟ್‌ಮ್ಯಾನ್, ರಾಬಿನ್ ಇಬ್ಬರನ್ನೂ ಉಳಿಸಲು ಹೋಗಿ ಸತ್ತ. ಮನೆ ನೋಡಿಕೊಳ್ಳಲು ಆಂಟ್ ಹ್ಯಾರಿಯಟ್ ಬಂದರು. 1966ಕ್ಕೆ ಟಿವಿ ಸರಣಿಯಲ್ಲಿ ಆಲ್ಫ್ರೆಡ್ ಇದ್ದ, ಹಾಗಾಗಿ ಕಾಮಿಕ್ಸ್‌ನಲ್ಲೂ ಅವನು ಬದುಕಲೇಬೇಕಾಯಿತು. ಎದ್ದು ಬಂದ. ನಡುವೆ ವಿಲನ್ ಕೂಡ ಆಗಿದ್ದನಂತೆ, ಅದನ್ನೂ ಕ್ಷಮಿಸಿದರು. ಹ್ಯಾರಿಯಟ್ ಮಾತ್ರ ಒಂದಿನ ಮೆಲ್ಲಗೆ ಪುಟಗಳಿಂದ ಜಾರಿಹೋದರು. ಬಂಡೆ ಇಲ್ಲ, ಶವಯಾತ್ರೆ ಇಲ್ಲ, ವಿಲನ್ ಆಗುವ ಯೋಗವೂ ಇಲ್ಲ.

ನನಗೆ ಸಿಟ್ಟು ಬಂತು. ಅವರ ಸಂಚಿಕೆಗಳನ್ನು ಹುಡುಕಿ ಹುಡುಕಿ ಓದಿದೆ. ನಿಜ ಹೇಳಲಾ? ಅವರಿಗೆ ಜಾಸ್ತಿ ಕೆಲಸವೇ ಇರಲಿಲ್ಲ. ಬರುತ್ತಾರೆ, ಕಾಳಜಿ ಮಾಡುತ್ತಾರೆ, ಹೋಗುತ್ತಾರೆ. ಅಷ್ಟಕ್ಕೇ ಚೆನ್ನಾಗಿದ್ದರು. ಫೆಂಟಾಸ್ಟಿಕ್ ಫೋರ್ ತಂಡದ ಪೋಸ್ಟ್‌ಮ್ಯಾನ್ ವಿಲ್ಲಿ ಲಂಪ್ಕಿನ್ ಕೂಡ ಹೀಗೇ. 1963ರಲ್ಲಿ ಕಾಗದ ಕೊಡಲು ಬಂದವನು, ನನಗೂ ಒಂದು ಶಕ್ತಿ ಇದೆ, ನನ್ನನ್ನೂ ತಂಡಕ್ಕೆ ಸೇರಿಸಿಕೊಳ್ಳಿ ಅಂದ. ಏನಪ್ಪಾ ಶಕ್ತಿ ಅಂದರೆ ಕಿವಿ ಅಲ್ಲಾಡಿಸುವುದು. ಇಂಥವನಿಗೆ ಒಂದು ದುರಂತ ಬಾಲ್ಯ ಕೊಡಿ ಅಂತ ನಾವು ಕೇಳುತ್ತೇವೆ, ಕೇಳಿದ್ದೇ ತಡ ಪ್ರಕಾಶಕರು ಆರು ಸಂಚಿಕೆಗಳ ವಿಶೇಷ ಸರಣಿ ತಂದು ಆ ಕಿವಿಯ ಹಿಂದಿನ ರಹಸ್ಯ ಬಿಚ್ಚಿಟ್ಟರೆ ಆಶ್ಚರ್ಯ ಇಲ್ಲ.

ಪಾತ್ರಗಳ ಮೇಲೆ ನಮಗೆ ಅಷ್ಟೊಂದು ಮಮತೆ, ಅಲ್ವಾ? 1988ನ್ನು ನೆನೆಸಿಕೊಳ್ಳಿ. ಎರಡನೇ ರಾಬಿನ್ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ, ಫೋನ್ ಮಾಡಿ ಹೇಳಿ, ಕರೆಗೆ 50 ಸೆಂಟ್ ಅಂದಿತು ಡಿಸಿ ಕಾಮಿಕ್ಸ್. ಸಾಯಲಿ ಅಂತ 5,343 ಕರೆ, ಬದುಕಲಿ ಅಂತ 5,271. ಬರೀ 72 ಕರೆಯಲ್ಲಿ ಹುಡುಗ ಹೋದ. 2005ರಲ್ಲಿ ವಾಪಸ್ ಬಂದಾಗ ಅದನ್ನೂ ಅಭಿಮಾನಿಗಳೇ ದುಡ್ಡು ಕೊಟ್ಟು ಕೊಂಡರು. ಕೊಂದ ಪಾಪ ತಿಂದು ಪರಿಹಾರ ಅನ್ನುವುದು ಇದಕ್ಕೇ ಇರಬೇಕು. ಈಗ ಹಳೇ ಓದುಗರನ್ನು ಕೇಳಿ ನೋಡಿ, ಪ್ರತಿಯೊಬ್ಬನೂ ಅವತ್ತು ಬದುಕಲಿ ಅಂತಲೇ ಫೋನ್ ಮಾಡಿದ್ದ. ಆ 5,343 ಕರೆ ಮಾಡಿದವರು ಎಲ್ಲಿಗೆ ಹೋದರು? ಇದಕ್ಕಿಂತ ಚೆನ್ನಾಗಿ ಮರೆಯಾದ ಪೋಷಕ ಪಾತ್ರಗಳನ್ನು ನಾನು ನೋಡಿಲ್ಲ.

ಇನ್ನೊಬ್ಬಳಿದ್ದಾಳೆ. 1995ರಲ್ಲಿ ಸ್ಪೈಡರ್‌ಮ್ಯಾನ್‌ನ 400ನೇ ಸಂಚಿಕೆಯಲ್ಲಿ ಅವನನ್ನು ಸಾಕಿ ಬೆಳೆಸಿದ ಆಂಟ್ ಮೇ ತೀರಿಕೊಂಡರು. ಓದಿದವರೆಲ್ಲ ಅತ್ತರು. 1998ರಲ್ಲಿ ನಿಜವಾದ ಆಂಟ್ ಮೇ ಗಟ್ಟಿಮುಟ್ಟಾಗಿ ಸಿಕ್ಕರು. ಹಾಗಾದರೆ ಸತ್ತಿದ್ದು ಯಾರು? ವಿಲನ್ ನಾರ್ಮನ್ ಆಸ್ಬಾರ್ನ್ ಗೊತ್ತುಮಾಡಿದ್ದ ಒಬ್ಬ ನಟಿ! ದೇಹವನ್ನೇ ಮಾರ್ಪಡಿಸಿಕೊಂಡು ಇನ್ನೊಬ್ಬಳಾಗಿ ಬಾಳಿ, ಕೊನೆಯುಸಿರಿನಲ್ಲೂ ಪಾತ್ರ ಬಿಡದೆ ಹೋದ ಹೆಂಗಸು. ಎಲ್ಲರೂ ಆಂಟ್ ಮೇ ಬದುಕಿದರು ಅಂತ ಖುಷಿಪಟ್ಟರೇ ಹೊರತು ಆ ನಟಿಗಾಗಿ ಒಬ್ಬನೂ ಮತ್ತೆ ಅಳಲಿಲ್ಲ. ಸುರಿಸಿದ ಕಣ್ಣೀರೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು.

ಮೊನ್ನೆ ರಾತ್ರಿ ಅವಳಿಗೆ ನ್ಯಾಯ ಕೇಳಿ ಪ್ರಕಾಶಕರಿಗೊಂದು ಪತ್ರ ಬರೆಯಲು ಕೂತೆ. ಮೊದಲ ಸಾಲು ತಾನಾಗಿಯೇ ಬಂತು: "ಮಾನ್ಯರೇ, ಆಕೆಯ ಬಾಲ್ಯ ಹೇಗಿತ್ತು?"