ಶುಗರ್ ಅಂತೆ

ಆರೋಗ್ಯದ ಬಗ್ಗೆ ಇಂಗ್ಲಿಷಿನಲ್ಲಿದ್ದ ಒಂದು ಕರಪತ್ರವನ್ನು ಕನ್ನಡಕ್ಕೆ ಮಾಡಿಕೊಡು ಅಂತ ಗೆಳೆಯನೊಬ್ಬ ಕೇಳಿದ. ಎರಡೇ ಪುಟ. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತೆ. ಮೊದಲ ಸಾಲಿನಲ್ಲೇ ‘ಡಯಾಗ್ನೋಸ್’ ಅಡ್ಡ ಮಲಗಿತ್ತು. ಬಂದಿರುವ ಕಾಯಿಲೆ ಯಾವುದು ಅಂತ ವೈದ್ಯರು ತಿಳಿದು ಹೇಳುವುದಕ್ಕೆ ಇಂಗ್ಲಿಷಿನ ಮಾತು ಅದು. ‘ವೈದ್ಯರು ಮಧುಮೇಹವನ್ನು’ ಅಂತ ಬರೆದು ನಿಂತೆ. ವೈದ್ಯರು ಮಧುಮೇಹವನ್ನು ಏನು ಮಾಡಿದರು?

ಮೊದಲು ಕೈಗೆ ಸಿಕ್ಕಿದ್ದು ‘ಕಂಡುಹಿಡಿದರು’. ಓದಿ ನೋಡಿದೆ. ಗ್ರಹಾಂ ಬೆಲ್ ಟೆಲಿಫೋನ್ ಕಂಡುಹಿಡಿದ ಹಾಗಿತ್ತು. ಅಲ್ಲಿಯವರೆಗೆ ಲೋಕದಲ್ಲೇ ಇಲ್ಲದ ಕಾಯಿಲೆಯನ್ನು ಈ ಪುಣ್ಯಾತ್ಮರು ರಾತ್ರಿಯೆಲ್ಲ ನಿದ್ದೆಗೆಟ್ಟು ತಯಾರು ಮಾಡಿದರೇನೋ!

ಹೊಡೆದು ಹಾಕಿ ‘ಪತ್ತೆ ಹಚ್ಚಿದರು’ ಅಂತ ಬರೆದೆ. ಈಗ ವೈದ್ಯರು ಪೊಲೀಸರಾದರು. ಕದ್ದ ಬೈಕು, ತಲೆಮರೆಸಿಕೊಂಡ ಆರೋಪಿ, ಇಂಥವಕ್ಕೆ ಒಪ್ಪುವ ಮಾತು ಅದು. ವರ್ಷಗಟ್ಟಲೆ ಮೈಯೊಳಗೇ ಅವಿತು ಕೂರುವ ಕಾಯಿಲೆಗಳಿಗೆ ಸರಿ, ನಿಜ. ಆದರೆ ನೆಗಡಿಯನ್ನು ಪತ್ತೆ ಹಚ್ಚೋದು ಹೇಗೆ? ಅದು ಬಾಗಿಲಲ್ಲೇ ಸೀನಿ ತಾನಾಗಿ ಶರಣಾಗಿರುತ್ತದೆ.

‘ಗುರುತಿಸಿದರು’ ಅಂದರೆ ಪ್ರತಿಭೆಯನ್ನು ಗುರುತಿಸಿ ಪ್ರಶಸ್ತಿ ಕೊಟ್ಟ ಹಾಗೆ ಕೇಳುತ್ತದೆ. ‘ದೃಢಪಟ್ಟಿದೆ’ ಅನ್ನೋದು 2020ರಲ್ಲಿ ದಿನಾ ಪತ್ರಿಕೆಯಲ್ಲಿ ಓದಿ ಓದಿ, ಈಗ ಕಂಡರೇ ಗಂಟಲು ಕೆರೆಯುತ್ತದೆ.

ನಿಘಂಟು ತೆಗೆದರೆ ಅದು ಗಂಭೀರವಾಗಿ ‘ರೋಗನಿರ್ಣಯ’ ಅನ್ನುತ್ತದೆ. ತಪ್ಪೇನಿಲ್ಲ. ಆದರೆ ನಿರ್ಣಯ ಅಂದ ಕೂಡಲೇ ನನಗೆ ಸಭೆ ನೆನಪಾಗುತ್ತದೆ. ನಾಲ್ಕು ಜನ ಸೇರಿ, ಚರ್ಚೆ ಮಾಡಿ, ಇವರಿಗೆ ಇನ್ನು ಮುಂದೆ ಅಸ್ತಮಾ ಇರತಕ್ಕದ್ದು ಅಂತ ಸರ್ವಾನುಮತದಿಂದ ತೀರ್ಮಾನಿಸಿದ ಹಾಗೆ. ಒಪ್ಪಿಗೆಯಾಗದಿದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಮೇಲ್ಮನವಿ.

ಹಳೆಯ ಮಾತೊಂದಿದೆ, ‘ನಿದಾನ’. ಆಯುರ್ವೇದದವರು ರೋಗದ ಕಾರಣಕ್ಕೂ ಅದನ್ನು ಗುರುತಿಸುವ ಬಗೆಗೂ ಇದೇ ಪದ ಬಳಸುತ್ತಾರೆ. ಚರಕ ಸಂಹಿತೆಯಲ್ಲಿ ‘ನಿದಾನಸ್ಥಾನ’ ಅಂತಲೇ ಒಂದು ಭಾಗವಿದೆ. ಚೆನ್ನಾಗಿದೆ ಅಂತ ಖುಷಿಯಿಂದ ಬರೆದು ಗೆಳೆಯನಿಗೆ ಓದಿ ಹೇಳಿದೆ. ‘ಅಷ್ಟು ನಿಧಾನ ಯಾಕೆ ಮಾಡಿದರು?’ ಅಂದ. ಒಂದು ಮಹಾಪ್ರಾಣದಲ್ಲಿ ನನ್ನ ಅಲ್ಪಪ್ರಾಣ ಹೋಯಿತು. ಬಯಾಪ್ಸಿ ರಿಪೋರ್ಟಿಗೆ ಕಾಯುತ್ತ ಕೂತವರನ್ನು ಕೇಳಿದರೆ ಎರಡು ಕಾಗುಣಿತವೂ ಸರಿ ಅನ್ನಬಹುದು.

ಬರೆಯೋದು ಬಿಟ್ಟು, ಜನ ಮಾತಾಡುವಾಗ ಏನನ್ನುತ್ತಾರೆ ಅಂತ ಯೋಚಿಸಿದೆ. ‘ಡಾಕ್ಟರಿಗೆ ತೋರಿಸಿದ್ರಾ?’ ಅನ್ನುತ್ತಾರೆ. ‘ಹೂಂ, ನೋಡಿದ್ರು’ ಅನ್ನುತ್ತೇವೆ. ರೋಗಿಯ ಕೆಲಸ ತೋರಿಸೋದು, ವೈದ್ಯರ ಕೆಲಸ ನೋಡೋದು. ಎಷ್ಟು ಸರಳ, ಅಲ್ವಾ? ಅದೂ ನಮ್ಮ ‘ನೋಡು’ ಬರೀ ಕಣ್ಣಿನದಲ್ಲ. ಮುಟ್ಟಿ ನೋಡು, ಮೂಸಿ ನೋಡು, ಕೇಳಿ ನೋಡು. ನಾಡಿಯನ್ನು ಹಿಡಿಯುವುದು ಬೆರಳಲ್ಲಿ, ಆದರೂ ‘ನಾಡಿ ನೋಡಿದರು’.

ವೈದ್ಯರ ಚರಿತ್ರೆಯೆಲ್ಲ ಈ ‘ನೋಡು’ಗೆ ಹೇಳಿ ಮಾಡಿಸಿದ ಹಾಗಿದೆ. ಆಸ್ಟ್ರಿಯದ ಔಎನ್‌ಬ್ರುಗ್ಗರ್ ಎಂಬ ವೈದ್ಯನ ಅಪ್ಪ ಒಂದು ವಸತಿಗೃಹ ನಡೆಸುತ್ತಿದ್ದ. ಪೀಪಾಯಿಯನ್ನು ತಟ್ಟಿ ವೈನ್ ಎಲ್ಲಿಯವರೆಗಿದೆ ಅಂತ ತಿಳಿಯುವುದನ್ನು ಹುಡುಗ ಅಲ್ಲಿ ಕಲಿತಿದ್ದನಂತೆ. ದೊಡ್ಡವನಾಗಿ ರೋಗಿಗಳ ಎದೆಯನ್ನೂ ಹಾಗೇ ತಟ್ಟಿ, ಒಳಗೆ ನೀರು ತುಂಬಿದೆಯಾ ಅಂತ ಹೇಳುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ. ತಟ್ಟಿ ನೋಡಿದ. ಫ್ರಾನ್ಸಿನ ಲೆನೆಕ್ ಎಂಬ ವೈದ್ಯನಿಗೆ 1816ರಲ್ಲಿ ಯುವತಿಯೊಬ್ಬಳ ಎದೆಗೆ ಕಿವಿ ಇಡಲು ಸಂಕೋಚವಾಯಿತು. ಕಾಗದವನ್ನು ಸುರುಳಿ ಸುತ್ತಿ ಒಂದು ತುದಿ ಅವಳ ಎದೆಗೆ, ಇನ್ನೊಂದು ತನ್ನ ಕಿವಿಗೆ ಇಟ್ಟ. ನೇರವಾಗಿ ಕಿವಿ ಇಟ್ಟು ಕೇಳುವುದಕ್ಕಿಂತ ಸ್ಪಷ್ಟವಾಗಿ ಕೇಳಿಸಿತು! ಸ್ಟೆತಾಸ್ಕೋಪ್ ಹುಟ್ಟಿದ್ದು ಸಂಕೋಚದಿಂದ. ಇಬ್ಬರಿಗಿಂತ ಹಿಂದೆ, 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಸಕ್ಕರೆ ಕಾಯಿಲೆಯವರ ಮೂತ್ರ ಜೇನಿನ ಹಾಗೆ ಸಿಹಿ ಅಂತ ಬರೆದ. ಅವನು ಹೇಗೆ ನೋಡಿದ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೂ ಎಷ್ಟೋ ಮೊದಲು ‘ಮಧುಮೇಹ’ ಅಂತ ಹೆಸರಿಟ್ಟವರಿಗೂ ಮಧು ಎಲ್ಲಿಂದ ಹೊಳೆಯಿತೋ! ಈಗಿನ ಡಾಕ್ಟರುಗಳು ಲ್ಯಾಬಿಗೆ ಎಷ್ಟು ಋಣಿಯಾಗಿದ್ದರೂ ಸಾಲದು.

ಇಂಗ್ಲಿಷಿನವರಿಗೂ ಈ ‘ಡಯಾಗ್ನೋಸ್’ ಅಷ್ಟೇನೂ ಸಲೀಸಲ್ಲ. ಗ್ರೀಕಿನಿಂದ ಬಂದದ್ದು, ಬೇರೆ ಮಾಡಿ ತಿಳಿಯುವುದು ಅಂತ ಅರ್ಥ. ಅವರಿಗೆ ಮೊದಲು ಸಿಕ್ಕಿದ್ದು ‘ಡಯಾಗ್ನೋಸಿಸ್’ ಎಂಬ ನಾಮಪದ. ಕ್ರಿಯಾಪದ 19ನೇ ಶತಮಾನದ ಕೂಸು. ಡಯಾಗ್ನೋಸ್ ಆಗುವುದು ರೋಗವೋ ರೋಗಿಯೋ ಎಂಬ ಜಗಳ ಬೇರೆ. ರೋಗವನ್ನು ಮಾಡಬಹುದು, ಮನುಷ್ಯನನ್ನು ಮಾಡುವಂತಿಲ್ಲ ಅಂತ ಕಟ್ಟುನಿಟ್ಟಿನ ಸಂಪಾದಕರು ತಿದ್ದುತ್ತಿದ್ದರು. ಜನ ಕೇಳಲಿಲ್ಲ, ಬಿಡಿ.

ಕನ್ನಡದಲ್ಲಿ ಆ ತಾಪತ್ರಯವೇ ಇಲ್ಲ. ಅವರಿಗೆ ಬಿಪಿ ಬಂತು, ಇವರಿಗೆ ಥೈರಾಯ್ಡ್ ಇದೆ. ಥೈರಾಯ್ಡ್ ಗ್ರಂಥಿ ಎಲ್ಲರಿಗೂ ಇರುತ್ತದೆ, ಬಿಪಿ ಇಲ್ಲದವರು ಬದುಕಿರೋದಿಲ್ಲ. ಇದನ್ನು ಹೇಳಿ ಯಾರನ್ನಾದರೂ ತಿದ್ದಲು ಹೋಗಬೇಡಿ, ನಾನು ಹೋಗಿ ಬೈಸಿಕೊಂಡಿದ್ದೇನೆ. ಇಲ್ಲಿ ವೈದ್ಯರ ಸುಳಿವೇ ಇಲ್ಲ ನೋಡಿ. ಕಾಯಿಲೆ ನೆಂಟನ ಹಾಗೆ ತಾನೇ ಬರುತ್ತದೆ. ಡಾಕ್ಟರು ನೋಡಿದ್ದು, ರಕ್ತ ಕೊಟ್ಟದ್ದು, ರಿಪೋರ್ಟ್ ಬಂದದ್ದು, ಇಷ್ಟನ್ನೂ ನಾವು ಒಂದು ಚೂರು ಮಾತಿನಲ್ಲಿ ಮುಗಿಸುತ್ತೇವೆ. ‘ಶುಗರ್ ಅಂತೆ.’ ಹೇಳಿದವರು ಯಾರೋ, ಹೇಗೆ ಗೊತ್ತಾಯಿತೋ, ಎಲ್ಲ ಆ ‘ಅಂತೆ’ಯೊಳಗೇ ಇದೆ. ನಿಜವಿರಬಹುದು, ಇನ್ನೊಂದು ಸಲ ನೋಡಿಸಿದರೆ ಅಲ್ಲ ಅಂತಲೂ ಆಗಬಹುದು ಎಂಬ ಸಣ್ಣ ಆಸೆಯೂ ಇದೆ.

ಕರಪತ್ರದಲ್ಲಿ ‘ಅಂತೆ’ ಹಾಕುವಂತಿಲ್ಲವಲ್ಲ. ‘ಮಧುಮೇಹ ಇದೆ ಎಂದು ಗೊತ್ತಾದರೆ’ ಅಂತ ಬರೆದು ಕೊಟ್ಟೆ. ಗೆಳೆಯ ತಕರಾರು ಮಾಡಲಿಲ್ಲ.

ಅಷ್ಟರಲ್ಲಿ ಕೂತು ಕೂತು ನನಗೇ ಬೆನ್ನು ಹಿಡಿದುಕೊಂಡಿತ್ತು. ಎರಡು ದಿನವಾದರೂ ಬಿಡಲಿಲ್ಲ. ಹೋಗಿ ತೋರಿಸಿದೆ. ಅವರು ಒತ್ತಿ ನೋಡಿದರು, ಬಗ್ಗಿಸಿ ನೋಡಿದರು, ‘ಏನೂ ಇಲ್ಲ, ಹೋಗಿ’ ಅಂದರು. ಮನೆಗೆ ಬರುವಷ್ಟರಲ್ಲಿ ನೋಡಲು ಬಂದವರು ಕೂತಿದ್ದರು. ಹೆಂಡತಿ ನನ್ನ ಮುಖ ನೋಡಿ, ಅವರ ಕಡೆ ತಿರುಗಿ, ಸ್ವಲ್ಪ ಬೇಜಾರಿನಲ್ಲೇ ಹೇಳಿದಳು: ‘ಏನೂ ಇಲ್ವಂತೆ.’