ಮಲಗಿದ್ದ ಮಹಾರಾಜನ ಮೇಲೆ ಮನಸ್ಸಾಯಿತು

ಸ್ಟಾರ್ ಟ್ರೆಕ್ ಅನ್ನೋ ಅಮೆರಿಕದ ಟಿವಿ ಧಾರಾವಾಹಿಯ ಎಂಟರ್‌ಪ್ರೈಸ್ ಅಂತರಿಕ್ಷ ಹಡಗಿನಲ್ಲಿ 400ಕ್ಕೂ ಜಾಸ್ತಿ ಜನರಿದ್ದರು. ಅವರಲ್ಲಿ ಒಬ್ಬಳು ಇತಿಹಾಸಕಾರ್ತಿ, ಮಾರ್ಲಾ ಮೆಕ್‌ಗೈವರ್ಸ್. ಆಕಾಶದಲ್ಲಿ ಹಾರುವವರಿಗೆ ಇತಿಹಾಸ ಯಾಕೆ ಅಂತ ಕೇಳಬೇಡಿ. ಕಥೆಗೆ ಬೇಕಿತ್ತು, ಇಟ್ಟುಕೊಂಡರು. ಪುರುಸೊತ್ತಾದಾಗ ಅವಳು ನೆಪೋಲಿಯನ್, ಸಿಂಹಹೃದಯಿ ರಿಚರ್ಡ್ ಥರದವರ ಚಿತ್ರ ಬರೆಯುತ್ತಿದ್ದಳು. ಮೇಲಧಿಕಾರಿಗಳಿಗೆ ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ?

1967ರ ಫೆಬ್ರವರಿಯಲ್ಲಿ ಬಂದ ಕಂತು ಇದು. ಎರಡು ಶತಮಾನ ನಿದ್ದೆ ಮಾಡಿದ ಸರ್ವಾಧಿಕಾರಿ ಖಾನ್ ನೂನಿಯನ್ ಸಿಂಗ್ ಒಂದು ಪಾಳು ಹಡಗಿನಲ್ಲಿ ಸಿಗುತ್ತಾನೆ. ಉತ್ತರ ಭಾರತದವನು, ಸಿಖ್ ಇರಬೇಕು ಅಂತ ನಮ್ಮ ಇತಿಹಾಸಕಾರ್ತಿ ಮುಖ ನೋಡಿಯೇ ಹೇಳಿಬಿಡುತ್ತಾಳೆ. ಪೇಟ ಇಲ್ಲ, ಗಡ್ಡ ಇಲ್ಲ. ಪಾತ್ರ ಮಾಡಿದ ರಿಕಾರ್ಡೊ ಮೊಂಟಾಲ್ಬಾನ್ ಮೆಕ್ಸಿಕೊದವರು. ಆಮೇಲೆ ಅವಳು ಚಿತ್ರದಲ್ಲಾದರೂ ಪೇಟ ತೊಡಿಸುತ್ತಾಳೆ ಅನ್ನಿ. ಅಂತೂ ಗಂಡು ಕಣ್ಣು ಬಿಡುವ ಮೊದಲೇ ಹೆಣ್ಣು ಒಪ್ಪಿ ಆಗಿರುತ್ತದೆ.

ಎದ್ದ ಮೇಲೆ ಅವನು ಮಾಡಿದ ಪ್ರಣಯವಾದರೂ ಏನು? ಅವಳ ಕೂದಲನ್ನು ತನಗೆ ಬೇಕಾದ ಹಾಗೆ ತಿದ್ದಿದ. ಇರುವುದಾದರೆ ಇರು, ಹೋಗುವುದಾದರೆ ಹೋಗು ಎಂದ. ಕೈ ಹಿಂಡಿ ಮಂಡಿಯೂರಿಸಿದ. ಅಷ್ಟಕ್ಕೇ ಅವಳು ಹಡಗು ಹಿಡಿಯಲು ನೆರವಾಗುತ್ತೇನೆ ಅಂದಳು. ನೂರಾರು ಸಹೋದ್ಯೋಗಿಗಳ ಜೀವಕ್ಕಿಂತ ಒಂದು ಹೇರ್‌ಸ್ಟೈಲ್ ಹೆಚ್ಚಾಯಿತು! ಖಾನನ ಸಂಚಿಗೆ ಒಳಗಿನವರೊಬ್ಬರು ಬೇಕಿತ್ತು, ಬರೆದವರಿಗೆ ಟೈಮ್ ಇರಲಿಲ್ಲ. ಅದಕ್ಕೆ ಪ್ರೀತಿ ಅಂತ ಹೆಸರಿಟ್ಟರು. ಅದೇ ವರ್ಷ ಇನ್ನೊಂದು ಕಂತಿನಲ್ಲಿ ಗ್ರೀಕ್ ದೇವರು ಅಪೊಲೊ ಹಡಗಿನ ಪುರಾತತ್ವ ತಜ್ಞೆಗೆ ಗುಲಾಬಿ ಗೌನು ತೊಡಿಸಿದ, ಅವಳೂ ಜಾರಿದಳು. ಹಳೆಯದನ್ನು ಓದಿದ ಹೆಣ್ಣುಮಕ್ಕಳಿಗೆ ಆ ಹಡಗಿನಲ್ಲಿ ಇದೇ ಗತಿ.

ಕೊನೆಗೆ ಮಾರ್ಲಾಗೆ ಮನಸ್ಸು ಕರಗಿ ಹಡಗಿನ ಕ್ಯಾಪ್ಟನ್ ಕಿರ್ಕ್ ಪ್ರಾಣ ಉಳಿಸುತ್ತಾಳೆ, ಖಾನ್ ಸೋಲುತ್ತಾನೆ. ಕಿರ್ಕ್ ಎಂಥ ನ್ಯಾಯಾಧೀಶ ನೋಡಿ. ಹಡಗು ಕದ್ದವನಿಗೆ ಶಿಕ್ಷೆಯಾಗಿ ಒಂದು ಇಡೀ ಗ್ರಹ ಕೊಟ್ಟ! ಅವಳಿಗೆ ಕೋರ್ಟ್ ಮಾರ್ಷಲ್ ಬೇಕೋ, ಆ ಕಾಡು ಗ್ರಹದಲ್ಲಿ ಖಾನ್ ಜೊತೆ ಬಾಳ್ವೆ ಬೇಕೋ ಅಂತ ಕೇಳಿದ. ಅವಳು ಬಾಳ್ವೆಯನ್ನೇ ಆರಿಸಿದಳು.

1982ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಖಾನ್ ವಾಪಸ್ ಬಂದ. ಹೆಂಡತಿ ಸತ್ತಿದ್ದಳು, ಅದಕ್ಕೆ ಕಿರ್ಕ್ ಮೇಲೆ ಹಲ್ಲು ಕಡಿದ. ಅವಳನ್ನು ಪ್ರಿಯ ಪತ್ನಿ ಅಂತೆಲ್ಲ ನೆನೆಸಿಕೊಂಡ. ಇಡೀ ಸಿನಿಮಾದಲ್ಲಿ ಒಮ್ಮೆಯೂ ಅವಳ ಹೆಸರು ಮಾತ್ರ ಹೇಳಲಿಲ್ಲ.